ಬೂಟು ಕಳಚಿ ನಿಂತ ಅಮೆರಿಕಾದವನು

ನನ್ನ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟೈತಿ. ಮರಿಮಗಳನ್ನು ತೊಡೆ ಮೇಲೆ ಹಾಕ್ಕೊಂಡಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲವಲ್ಲವು. ಎರಡನೇ ತರಗತಿಗೇ ಸಾಲಿ ಬಿಟ್ಟಾಕಿ ನಾನು, ಆದ್ರೂ ಬರೀದೆ ಇರಾಕ ಆಗವಲ್ದು. ನಿನ್ನೆ ನೋಡಾಕ ಬಂದಾಕಿ ಒಬ್ಬಾಕಿ, "ಎಷ್ಟು ಗುಂಡಗೈತಿ ಕೂಸು!" ಅಂದಳು. ಅಷ್ಟಕ್ಕೇ ನನಗೆ ಹಳೇದೊಂದು ನೆನಪಾಯ್ತು.

ದೊಡ್ಡ ಯುದ್ಧದ ಕಾಲ. ಕುರುಗೋಡಿನಿಂದ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಸೊಸೆಯಾಗಿ ಬಂದಿದ್ದೆ. ಚೊಚ್ಚಲ ಗಂಡು ಕೂಸು ಮಡಿಲಲ್ಲಿತ್ತು. ಸಿರುಗುಪ್ಪದ ಅಕ್ಕಿಯೆಲ್ಲ ದಂಡಿಗೇ ಹೋಗ್ತೈತಿ ಅಂತ ಓಣಿಯಲ್ಲಿ ಗುಸುಗುಸು. ತಂತಿಯವನ ಸೈಕಲ್ ಕಂಡ್ರೆ ಹೆಂಗಸರು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡ್ತಿದ್ರು. ಊರ ಹೊರಗಿನ ಬಿಡಾರಕ್ಕೆ ಅಮೆರಿಕಾದ ಸಿಪಾಯಿಗಳು ಕೆಲವರು ಬಂದಿಳಿದಿದ್ರು. ನಮ್ಮನೆಯವರು ಜಟಕಾ ಹೊಡೆಯೋರು, ಅವರಲ್ಲಿ ಒಬ್ಬ ಉದ್ದನೆಯವನು ಇವರ ಕಾಯಂ ಗಿರಾಕಿ.

ಒಂದು ದಿನ ಅವನು ಜಟಕಾದಲ್ಲೇ ನಮ್ಮ ಬಾಗಿಲಿಗೆ ಬಂದ. ಕೂಸನ್ನು ಕಂಡವನೇ ಎರಡೂ ಕೈ ಅಗಲಿಸಿ, "ಅಚ್ಛಾ ಬೇಬಿ! ಬಹುತ್ ಮೋಟಾ!" ಅಂತ, ಕೂಸು ಭಾಳ ಗುಂಡಗೈತಿ ಅನ್ನೋ ಹಂಗ, ಕೂಗಿದ. ನಮ್ಮತ್ತಿ ಸೆರಗಿನಲ್ಲಿ ಕೂಸಿನ ಮುಖ ಮುಚ್ಚಿದರು. ಮರುದಿನ ಕೂಸಿನ ಮೈ ಕೆಂಡ. ಹಾಲು ಬಿಟ್ಟಿತು, ಅಳೋದನ್ನೂ ಬಿಟ್ಟಿತು. ಅದು ಅಳದಿದ್ದದ್ದೇ ನನಗೆ ಹೆಚ್ಚು ಭಯ.

"ಬಿಳಿಯನ ಕಣ್ಣು ಬಿದ್ದೈತಿ," ಅಂದರು ಅತ್ತಿ. "ಅವನ ಕಾಲಾಗಿನ ಮಣ್ಣು ಬೇಕು. ನೀವಾಳಿಸಬೇಕು."

"ಅಂಗಳದಾಗ ಬೂಟಿನ ಗುರುತು ಐತಲ್ಲವ್ವ," ಅಂದರು ನಮ್ಮನೆಯವರು.

"ಬೂಟಿಂದು ದನದ ಚರ್ಮ ಲೇ! ಯಾವ ಎಮ್ಮಿಯ ಕಣ್ಣು ತಗೀಲಿ? ಬರಿಗಾಲಿಂದು ತಗೊಂಬಾ."

ಇವರಿಗೆ ನಾಚಿಕೆ, ಹೆದರಿಕೆ ಎರಡೂ. ಆದರೂ ಹೋದರು. ದೀಪ ಹಚ್ಚೋ ಹೊತ್ತಿಗೆ ಅವನನ್ನು ಕೂಡಿಸಿಕೊಂಡೇ ಬಂದರು. ಏನು ಹೇಳಿದ್ದರೋ, ಅವನು ಒಂದು ಮಾತೂ ಕೇಳದೆ ಹೊಸ್ತಿಲ ಮುಂದೆ ಕೂತು ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಅಂಗಳದ ಮಣ್ಣಿನಲ್ಲಿ ನಿಂತ.

"ಹಿಟ್ಟಿನಾಗ ಅದ್ದಿದಂಗ ಅದಾವಲ್ಲೇ ಇವನ ಕಾಲು!" ಅಂದರು ಅತ್ತಿ. ನನಗೆ ನಗು ಬರಲಿಲ್ಲ.

ಅವನ ಹೆಜ್ಜೆಯ ಮಣ್ಣು, ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿಗೆ ಸುತ್ತಿ ಒಲೆಗೆ ಹಾಕಿದರು. ಕಣ್ಣು ಬಿದ್ದಿದ್ರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರೋದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಆದರೆ ಅವತ್ತು ಘಾಟು ಎದ್ದದ್ದು ಎದ್ದದ್ದೇ. ಅತ್ತಿ, ನಾನು, ಸಿಪಾಯಿ, ಹೊರಗಿದ್ದ ಕುದುರೆ ಸಮೇತ ಕೆಮ್ಮಿದೆವು. ಕೂಸು ಮಾತ್ರ ಕೆಮ್ಮಲಿಲ್ಲ.

ಅತ್ತಿ ತಟ್ಟನೆ ಎದ್ದರು. "ಇದು ಕಣ್ಣಲ್ಲ. ರೋಗ. ಏ, ಜಟಕಾ ಹೂಡು, ದವಾಖಾನಿಗೆ ನಡಿ!"

ನಮ್ಮನೆಯವರು ಕುದುರೆ ಕಟ್ಟೋದರೊಳಗೆ ಸಿಪಾಯಿ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದ. ಹೆಂಡತಿ, ಅವಳ ತೊಡೆ ಮೇಲೆ ಒಂದು ಕೂಸು. ತಾನಿನ್ನೂ ಆ ಕೂಸನ್ನು ಕಂಡಿಲ್ಲ ಅಂತ ಕೈಸನ್ನೆ ಮಾಡಿ, ಒಲೆಯ ಕಡೆ ಬೆರಳು ತೋರಿಸಿದ. ಇದಕ್ಕೂ ಮಾಡು ಅಂತ.

ಅತ್ತಿಗೆ ಅವನ ಮೇಲೆ ಸುಮ್ಮನೆ ಅಪವಾದ ಹೊರಿಸಿದ ಸಂಕಟ. ಗಡಿಬಿಡಿಯಲ್ಲೇ ಅದೇ ಉಪ್ಪು, ಅದೇ ಡಬ್ಬಿಯ ಮೆಣಸಿನಕಾಯಿ ತಗೊಂಡು ಫೋಟೋಕ್ಕೆ ನೀವಾಳಿಸಿ ಒಲೆಗೆ ಎಸೆದರು. ಚಟಪಟ ಅಂದು ಕರ್ರಗಾದವು. ಘಾಟು ಬರಲಿಲ್ಲ. ಇನ್ನೊಂದು ಹಿಡಿ ಹಾಕಿದರು. ಹೊಗೆ ಎದ್ದಿತು, ನಾವು ಉಸಿರೆಳೆದು ಕಾದೆವು, ಒಬ್ಬರಿಗೂ ಕೆಮ್ಮಿಲ್ಲ.

ಅವನು ನಗುತ್ತಾ ಕೇಳಿದ, "ಅಚ್ಛಾ?"

ಅತ್ತಿ ನನ್ನ ಮುಖ ನೋಡಿದರು. "ಅಚ್ಛಾ," ಅಂದರು.

ದವಾಖಾನೆಯಲ್ಲಿ ಡಾಕ್ಟರು ಕೂಸಿನ ಎದೆಗೆ ಕಿವಿಯಿಟ್ಟು, "ಇನ್ನೂ ಸ್ವಲ್ಪ ತಡ ಮಾಡಿದ್ರೆ..." ಅಂದರು. ಕೆಲವು ದಿನಕ್ಕೆ ಜ್ವರ ಬಿಟ್ಟಿತು. ಒಂದು ಬೆಳಗ್ಗೆ ಓಣಿಯೆಲ್ಲ ಕೇಳೋ ಹಂಗ ಕಿಟಾರನೆ ಅತ್ತು ಹಾಲು ಬೇಡಿತು. ಆ ಅಳು ಕೇಳಿ ನಾನು ಹುಚ್ಚಿಯಂಗ ನಕ್ಕೆ. ಅಷ್ಟರಲ್ಲಿ ಬಿಡಾರ ಖಾಲಿಯಾಗಿತ್ತು. ಯಾವ ಕಡೆ ಹೋದರೋ, ಯಾರಿಗೂ ಗೊತ್ತಿಲ್ಲ.

ಹಾಲು ಕುಡಿಸ್ತಾ ಅತ್ತಿಯನ್ನು ಊಟಕ್ಕೆ ಕರೆದೆ. ಅವರು ಒಲೆ ಮುಂದೆ ಕೂತಿದ್ದರು, ಏಳಲಿಲ್ಲ.

"ಯಾಕತ್ತಿ? ಕೂಸು ಉಳೀತಲ್ಲ!"

"ನಿಂದು ಉಳೀತವ್ವ," ಅಂದರು. "ಅಲ್ಲಿ ಆ ಫೋಟೋದಾಗಿನ ಆಕಿ ಏನು ಮಾಡಾಕತ್ತಾಳೋ."