ಬಲಗಡೆಯ ಹೆಬ್ಬೆರಳು

ಹೋದ ತಿಂಗಳು ಮೈಸೂರಿನಿಂದ ಬರಬೇಕಿದ್ದ ಗೆಳೆಯನೊಬ್ಬನಿಗಾಗಿ ಅರಸೀಕೆರೆ ಸ್ಟೇಷನ್ನಿನಲ್ಲಿ ಕಾಯುತ್ತ ಕೂತಿದ್ದೆ. ರೈಲು ತಡ ಎಂದು ಆಗಲೇ ಹೇಳಿಬಿಟ್ಟಿದ್ದರು. ಬೆಂಚಿನ ಇನ್ನೊಂದು ತುದಿಯಲ್ಲಿ ಬಾಚಣಿಗೆ, ಕೀಚೈನು, ಮೊಬೈಲ್ ಕವರು ಮಾರುವವನೊಬ್ಬ ತನ್ನ ಸರಕನ್ನು ಕಾಲ ಬುಡದಲ್ಲಿ ಇಳಿಸಿಕೊಂಡು ದಣಿವಾರಿಸಿಕೊಳ್ಳುತ್ತಿದ್ದ. ಬೇಜಾರಿಗೆ ಇರಬೇಕು, ಸರಕಿನೊಳಗಿಂದ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಗುಂಡಿ ಒತ್ತಿದ. ಕೀಚಲು ದನಿಯಲ್ಲಿ ಅದು ಹಾಡಿದ ನಾಲ್ಕಾರು ಸ್ವರ ಕಿವಿಗೆ ಬಿದ್ದದ್ದೇ ತಡ, ನನ್ನ ಎಡಗೈ ಹೆಬ್ಬೆರಳು ತಾನಾಗಿ ಮಿಸುಕಿತು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಇಂಥ ಮಾತುಗಳನ್ನು ನಾನೂ ನಂಬುವವನಲ್ಲ. ಬೇರೆಯವರು ಬರೆದಿದ್ದರೆ ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವವನು. ಆದರೆ ಬೆರಳು ನನ್ನದೇ ಆಗಿತ್ತು, ನಾನು ನೋಡುತ್ತಲೂ ಇದ್ದೆ.

ಈಗಿನ ಮಕ್ಕಳಿಗಾಗಿ ಒಂದಿಷ್ಟು ವಿವರಿಸಬೇಕು. ನಾವು ವಿಡಿಯೋ ಗೇಮ್ ಎನ್ನುತ್ತಿದ್ದದ್ದು ಇದನ್ನೇ. ಬೂದು ಬಣ್ಣದ ಪುಟ್ಟ ಪರದೆ. ಎಡಗಡೆ ತುಂಡುಗಳನ್ನು ಅತ್ತಿತ್ತ ಸರಿಸುವ, ಕೆಳಕ್ಕೆ ಇಳಿಸುವ ಸಣ್ಣ ಗುಂಡಿಗಳು. ಬಲಗಡೆ ತಿರುಗಿಸಲು ಒಂದು ದೊಡ್ಡ ಗುಂಡಿ. ಇಟ್ಟಿಗೆ ಜೋಡಿಸಿದಂಥ ತುಂಡುಗಳು ಮೇಲಿನಿಂದ ಒಂದೊಂದಾಗಿ ಬೀಳುತ್ತವೆ. ಉದ್ದನೆಯದು, ಚೌಕದ್ದು, ಸೊಟ್ಟನೆಯದು. ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂರಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲು ಮಾಯ. ತುಂಬದಿದ್ದರೆ ರಾಶಿ ಬೆಳೆದು ಮೇಲಕ್ಕೆ ಮುಟ್ಟಿ ಆಟ ಮುಗಿಯುತ್ತದೆ. ಡಬ್ಬಿಯ ಮೇಲೆ ಸಾವಿರಾರು ಆಟಗಳಿವೆ ಎಂದು ಅಚ್ಚು ಹಾಕಿರುತ್ತಿದ್ದರು. ಅದನ್ನು ನಂಬಿ ನಾನು ಒಂದು ಬೇಸಿಗೆ ರಜೆಯ ಭಾನುವಾರಗಳನ್ನೆಲ್ಲ ಆ ಸಾವಿರಾರನ್ನು ಹುಡುಕುವುದರಲ್ಲಿ ಕಳೆದೆ. ಇದ್ದದ್ದು ಅವೇ ಕೆಲವು, ವೇಗ ಮಾತ್ರ ಬೇರೆ ಬೇರೆ. ಮುಂದೆ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುವಾಗ, ಅಚ್ಚಾದದ್ದನ್ನೆಲ್ಲ ನಂಬಬಾರದು ಎಂದು ಮೇಷ್ಟ್ರು ಹೇಳಿದರೆ ಅದೇನೂ ನನಗೆ ಹೊಸ ಪಾಠ ಅನ್ನಿಸಲಿಲ್ಲ.

ಸ್ಟೇಷನ್ನಿನ ಆ ಡಬ್ಬಿಯನ್ನು ಕೊಂಡು ಮನೆಗೆ ತಂದೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಹುಡುಗ ಹುಡುಗಿಯರು ಇಂಥ ಹಳೆಯ ಆಟಗಳನ್ನು ಫೋನಿಗೆ ಇಳಿಸಿಕೊಂಡು ಆಡುತ್ತಾರೆ. ಒಬ್ಬಳು ನನ್ನ ಫೋನಿಗೂ ಹಾಕಿಕೊಟ್ಟಿದ್ದಳು. ಬಣ್ಣ ಬಣ್ಣದ ತುಂಡುಗಳು ಎಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತವೆ, ಬೆರಳಿಗೆ ಗುಂಡಿಯ ತಡೆಯೇ ಸಿಗುವುದಿಲ್ಲ. ಅದು ನನಗೆ ಏನನ್ನೂ ನೆನಪಿಸಿರಲಿಲ್ಲ. ಈ ಡಬ್ಬಿ ಹಾಗಲ್ಲ. ಪರದೆಗೆ ಬೆಳಕಿಲ್ಲ, ಬೆಳಕಿರುವಲ್ಲಿಗೆ ನಾವೇ ಹೋಗಬೇಕು. ಸ್ವಲ್ಪ ವಾಲಿಸಿದರೆ ತುಂಡುಗಳೇ ಕಾಣುವುದಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಮೊದಮೊದಲು ಸೋತರೂ ಕೈ ಕುದುರುತ್ತದೆ ಎಂದುಕೊಂಡೆ. ಕುದುರಲಿಲ್ಲ. ವಿಚಿತ್ರವೆಂದರೆ ನಾನು ಸೋಲುತ್ತಿದ್ದ ರೀತಿ. ಎಡಗೈಗೆ ಎಲ್ಲವೂ ಗೊತ್ತಿತ್ತು. ತುಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಸರಕ್ಕನೆ ಸರಿಸುತ್ತಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡು, ಯಾರಾದರೂ ಬಂದು ತಿರುಗಿಸಲಿ ಎಂದು ಕಾಯುತ್ತಿತ್ತು.

ಯಾಕೆಂದರೆ ನಾನು ಈ ಆಟವನ್ನು ಒಬ್ಬನೇ ಆಡಿದವನೇ ಅಲ್ಲ. ಒಬ್ಬರು ಆಡುವ ಆಟವನ್ನು ನಾವು ಇಬ್ಬರು ಆಡುತ್ತಿದ್ದೆವು. ಡಬ್ಬಿಯ ಎಡ ಅಂಚು ನನ್ನ ಕೈಯಲ್ಲಿ, ಬಲ ಅಂಚು ದೊಡ್ಡವರೊಬ್ಬರ ಕೈಯಲ್ಲಿ. ಸರಿಸುವುದು ನಾನು, ತಿರುಗಿಸುವುದು ಅವರು. ಅವರ ತೋಳು ನನ್ನ ಭುಜಕ್ಕೆ ಒತ್ತಿಕೊಂಡಿರುತ್ತಿತ್ತು. ಮಾತಿಲ್ಲ, ಉದ್ದನೆಯ ತುಂಡು ಇಳಿಯುವಾಗ ಮಾತ್ರ "ದೊಣ್ಣೆ ಬಂತು" ಅನ್ನುವ ಒಂದು ಮೆಲುದನಿ. ಆ ದೊಡ್ಡವರು ನಮ್ಮಪ್ಪ.

ಜಾಗ ಹಳೇಬೀಡು. ಅಜ್ಜಿ ಅಲ್ಲಿ ಚಿಕ್ಕಪ್ಪನ ಜೊತೆಗಿದ್ದರು. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಚಿಕ್ಕಪ್ಪನ ಅಂಗಡಿ, ಅದರ ಹಿಂದೆಯೇ ಮನೆ. ಭಾನುವಾರಗಳಲ್ಲಿ ಅಪ್ಪ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದರು. ಅಪ್ಪ ಕಚೇರಿ ಕೆಲಸದವರು, ಹೊತ್ತಿನ ವಿಷಯದಲ್ಲಿ ಬಲು ಬಿಗಿ. ಬಸ್ಸು ಬರುವುದಕ್ಕೆ ಬಹಳ ಮುಂಚೆಯೇ ಸ್ಟ್ಯಾಂಡಿನಲ್ಲಿ ನಿಂತಿರುವುದು ಅವರ ಲೆಕ್ಕದಲ್ಲಿ ಶಿಸ್ತು ಕೂಡ ಅಲ್ಲ, ಮನುಷ್ಯನಾದವನ ಕನಿಷ್ಠ ಮರ್ಯಾದೆ. ಮನೆಯಲ್ಲಿ ಅವರು ಯಾವಾಗಲೂ ನನ್ನ ಎದುರಿಗೆ ಇರುತ್ತಿದ್ದರು. ಎದುರಿಗೆ ಕೂತು ಮಗ್ಗಿ ಕೇಳುವುದು, ಎದುರಿಗೆ ನಿಂತು ಅಂಕಪಟ್ಟಿ ನೋಡುವುದು, ನೋಡಿ ಏನೂ ಅನ್ನದೆ ಕನ್ನಡಕ ತೆಗೆಯುವುದು. ಪಕ್ಕದಲ್ಲಿ ಕೂತದ್ದು ನನ್ನ ನೆನಪಿನಲ್ಲಿ ಈ ಒಂದು ಚಿತ್ರದಲ್ಲಿ ಮಾತ್ರ. ಅವರು ತೀರಿಕೊಂಡು ವರ್ಷಗಳಾದವು. ಅವರನ್ನು ನೆನೆಯಬೇಕು ಅನ್ನಿಸಿದಾಗಲೆಲ್ಲ ನಾನು ಹೋಗಿ ಕೂರುವುದು ಆ ಅಂಗಡಿಯ ಬೆಂಚಿನ ಮೇಲೇ.

ಅಕ್ಕ ಇರುವುದೂ ಅರಸೀಕೆರೆಯಲ್ಲೇ, ನಡೆದು ಹೋಗುವಷ್ಟು ದೂರ. ಸಂಜೆ ಡಬ್ಬಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎಡಗೈ, ಬಲಗೈ, ಅಪ್ಪ, ಎಲ್ಲ ಹೇಳಿದೆ. ಅವಳು ತಲೆಯೆತ್ತದೆ ಕೇಳಿಸಿಕೊಂಡಳು.

"ಅಪ್ಪ ಎಲ್ಲೋ ಆಡಿದ್ರು? ಅದು ಚಿಕ್ಕಪ್ಪ ಕಣೋ."

ಚಿಕ್ಕಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದರಲ್ಲ ಎಂದೆ.

"ನೋಡ್ಕೋತಿದ್ರು, ಚೆನ್ನಾಗಿ. ಗಿರಾಕಿ ಬಂದ್ರೂ ಒಂದ್ನಿಮಿಷ ಇರಿ ಅಂತ ನಿನ್ನ ಜೊತೆ ಅದನ್ನ ಒತ್ಕೊಂಡು ಕೂತಿರೋರು. ಚಿಕ್ಕಮ್ಮ ಬೈತಿದ್ದದ್ದು ನೆನಪಿಲ್ವಾ ನಿಂಗೆ? ಬೇಲೂರಿಗೆ ಸಾಮಾನು ತರಕ್ಕೆ ಹೋದಾಗ ಅದನ್ನ ತಂದ್ಕೊಟ್ಟೋರೂ ಅವರೇ. ದೊಣ್ಣೆ ಅಂತೆ. ಅಪ್ಪನ ಬಾಯಲ್ಲಿ ಆ ಮಾತು ಬರುತ್ತೇನೋ?"

ಇದಕ್ಕೆ ಆಧಾರವೇನು ಎಂದು ಕೇಳಿದೆ. ಅದು ನನ್ನ ದುರಭ್ಯಾಸ.

"ಆಧಾರ ಅಂದ್ರೆ? ನಾನು ಅಲ್ಲೇ ನಿಂತಿದ್ನಲ್ಲೋ, ನಂಗೂ ಒಂದಾಟ ಕೊಡ್ರೋ ಅಂತ."

ಆಮೇಲೆ ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಏನು ಕಂಡಳೋ, ಮಾತು ನಿಲ್ಲಿಸಿ ಕಾಫಿ ಮಾಡಲು ಎದ್ದಳು.

ಮನೆಗೆ ಬಂದವನೇ ನನ್ನ ನೆನಪನ್ನು ವಿಚಾರಣೆಗೆ ನಿಲ್ಲಿಸಿದೆ. ಬೇರೆಯವರ ನೆನಪನ್ನು ಹೀಗೆ ನಿಲ್ಲಿಸುವುದರಲ್ಲಿ ನಾನು ಪಳಗಿದವನು. ಹಳೇಬೀಡಿನ ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಯಾರಾದರೂ ರಾಜರ ಕಥೆ ಹೇಳುತ್ತಿದ್ದರೆ ಹಿಂದೆ ನಿಂತು ತಲೆಯಲ್ಲಾಡಿಸುವ, ನೀವು ಖಂಡಿತ ಎಲ್ಲೋ ನೋಡಿರುವ ಆ ಅಧಿಕಪ್ರಸಂಗಿ ನಾನೇ ಇರಬಹುದು. ಈಗ ಸರದಿ ನನ್ನದು. ಆ ಚಿತ್ರದಲ್ಲಿ ಅಪ್ಪನ ಮುಖ ಇದೆಯೇ? ಇಲ್ಲ. ಪರದೆಯಿಂದ ಕಣ್ಣು ಕೀಳದ ಹುಡುಗನಿಗೆ ಮುಖ ಎಲ್ಲಿ ಕಂಡೀತು? ಇರುವುದು ಒಂದು ಹೆಬ್ಬೆರಳು. ಅಗಲ ಉಗುರಿನ, ಗೆಣ್ಣು ದಪ್ಪಗಾದ ಹೆಬ್ಬೆರಳು. ಅಪ್ಪನದು ಹಾಗೇ ಇತ್ತು. ಅವರ ತಮ್ಮನದೂ ಹಾಗೇ ಇರಬಹುದು. ಈಚೆಗೆ ನನ್ನದೂ ಹಾಗೇ ಆಗುತ್ತಿದೆ. ದನಿ? "ದೊಣ್ಣೆ ಬಂತು" ಎಂಬುದನ್ನು ಅಪ್ಪನ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ, ಕೇಳಿಸಿತು. ಚಿಕ್ಕಪ್ಪನ ದನಿಯಲ್ಲಿ ನೋಡಿದೆ, ಅದೂ ಕೇಳಿಸಿತು. ಹೀಗೆ ಕೇಳಿದವರಿಗೆಲ್ಲ ಹೂಂಗುಟ್ಟುವ ಸಾಕ್ಷಿ ನಾನೇ ಆಗಿದ್ದರೂ ಫೇಲು ಮಾಡುತ್ತಿದ್ದೆ.

ಅಲ್ಲಿಗೇ ಬಿಟ್ಟಿದ್ದರೆ ಅಪ್ಪ ಪಕ್ಕದಲ್ಲೇ ಉಳಿಯುತ್ತಿದ್ದರು. ಆದರೆ ಹುಳ ಹೊಕ್ಕ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಆ ಭಾನುವಾರ, ಹೋಗುವುದನ್ನು ಅಕ್ಕನಿಗೆ ತಿಳಿಸಿ, ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಚಿಕ್ಕಪ್ಪನಿಗೆ ಯಾವ ಸುಳಿವೂ ಕೊಡದೆ ಕೇಳುವುದು ಹೇಗೆಂದು ಯೋಚಿಸಿದೆ. ಏನನ್ನೂ ಕೇಳಬಾರದು, ಡಬ್ಬಿಯನ್ನು ಸುಮ್ಮನೆ ಅವರ ಕೈಗಿಟ್ಟು ನೋಡಬೇಕು ಎಂದು ತೀರ್ಮಾನಿಸಿದೆ. ಜಾವಗಲ್ ದಾಟುವಾಗ ಇನ್ನೊಂದು ಯೋಚನೆಯೂ ಬಂತು: ಗೊತ್ತಾದ ಮೇಲೆ ಏನು ಮಾಡುತ್ತೀಯ?

ಅಂಗಡಿ ಅಲ್ಲೇ ಇದೆ. ಆಗ ಕ್ಯಾಮರಾ ರೀಲು, ದೇವಸ್ಥಾನದ ಚಿತ್ರದ ಕಾರ್ಡು ನೇತಾಡುತ್ತಿದ್ದ ಕಡೆ ಈಗ ಚಿಪ್ಸಿನ ಪೊಟ್ಟಣಗಳು, ಬಿಸಿಲಿನ ಟೋಪಿಗಳು. ಚಿಕ್ಕಪ್ಪ ನನ್ನನ್ನು ನೋಡಿ, "ಬನ್ನಿ ಮೇಷ್ಟ್ರೇ" ಎಂದು ಎಂದಿನಂತೆ ಹಂಗಿಸಿ, ನಾನು ಕೂರುವ ಮೊದಲೇ ಶುರು ಮಾಡಿದರು.

"ಆ ಗೇಮು ನಿಮ್ಮಪ್ಪನೇ ಆಡ್ತಿದ್ದದ್ದು ಕಣಪ್ಪ. ನಾನು ಮುಟ್ಟಿದ್ದೇ ಇಲ್ಲ."

ನಾನಿನ್ನೂ ಚೀಲದ ಜಿಪ್ಪು ಎಳೆದಿರಲಿಲ್ಲ.

"ಅಕ್ಕ ಫೋನ್ ಮಾಡಿದ್ಲಾ ಚಿಕ್ಕಪ್ಪ?"

"ಯಾರು? ಇಲ್ವಲ್ಲ."

"ಬೆಳಿಗ್ಗೇನೇ ಮಾಡಿದ್ಲು, ನೀನು ಬತ್ತೀಯ ಅಂತ" ಎಂದರು ಚಿಕ್ಕಮ್ಮ ಒಳಗಿನಿಂದ. "ಅದಕ್ಕೇ ರೊಟ್ಟಿಗೆ ಹಿಟ್ಟು ಜಾಸ್ತಿ ಕಲಸಿವ್ನಿ."

ಚಿಕ್ಕಪ್ಪ ಟೋಪಿಗಳನ್ನು ಸರಿಮಾಡತೊಡಗಿದರು. ಅಕ್ಕ ಅವತ್ತು ನನ್ನ ಮುಖ ನೋಡಿ ಯಾಕೆ ಸುಮ್ಮನಾದಳೆಂದು ನನಗೆ ಆಗ ತಿಳಿಯಿತು. ತಾನು ನನ್ನಿಂದ ಕಿತ್ತುಕೊಂಡ ಅಪ್ಪನನ್ನು ಚಿಕ್ಕಪ್ಪನ ಕೈಯಿಂದ ವಾಪಸು ಕೊಡಿಸುವ ಏರ್ಪಾಡು ಅವಳದು.

ಡಬ್ಬಿ ತೆಗೆದು ಕೊಟ್ಟೆ. ಇವಿನ್ನೂ ಸಿಗುತ್ತವೆಯೇ ಎಂದು ಅಚ್ಚರಿಪಟ್ಟು ಕನ್ನಡಕ ಏರಿಸಿಕೊಂಡರು. ಪರದೆಯ ಮೇಲೆ ಬೆಳಕು ಬೀಳಬೇಕಲ್ಲ, ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತರು. ಕೂತು, ಬಲ ಅಂಚನ್ನು ತಾವು ಹಿಡಿದು ಎಡ ಅಂಚನ್ನು ನನ್ನ ಕಡೆ ಚಾಚಿದರು. ಹಾಗೆ ಮಾಡಿದ್ದು ಅವರಿಗೆ ಗೊತ್ತೇ ಆದಂತಿರಲಿಲ್ಲ.

ಆಡಿದೆವು. ಮುಂದೆ ಬರುವ ತುಂಡು ಪರದೆಯ ಮೂಲೆಯಲ್ಲಿ ಕಾಣುತ್ತದಲ್ಲ, ಅದನ್ನು ನೋಡಿಯೇ ಆ ಹೆಬ್ಬೆರಳು ತಯಾರಾಗಿರುತ್ತಿತ್ತು. ಅಗಲ ಉಗುರು, ದಪ್ಪ ಗೆಣ್ಣು. ಸಾಲುಗಳು ಒಂದರ ಹಿಂದೊಂದು ಮಾಯವಾದವು. ಬಾಯಿ ಮಾತ್ರ ಅಕ್ಕನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿತ್ತು. ಅಣ್ಣ ಎಷ್ಟು ಚೆನ್ನಾಗಿ ಆಡುತ್ತಿದ್ದ, ಅಣ್ಣನಿಗೆ ಎಂಥ ಕೈಚಳಕ ಎಂದು ಅವರು ಹೇಳುತ್ತಲೇ ಹೋದರು. ನಡುವೆ ಒಮ್ಮೆ, "ದೊಣ್ಣೆ ಬಂತು, ಎಡಕ್ಕೆ ತಗೋ" ಎಂದರು. ತೆಗೆದುಕೊಂಡೆ. ಗುಂಡಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಒತ್ತಿದೆ. ಏನನ್ನು ಕಳೆದುಕೊಂಡೆ ಎಂಬುದಕ್ಕೋ, ಇಷ್ಟು ವರ್ಷ ಯಾರನ್ನು ಅಳಿಸಿ ಆ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿದ್ದೆ ಎಂಬುದಕ್ಕೋ, ಹೇಳಲಾರೆ. ಅಳಿಸಿಹೋದವರು ಪಕ್ಕದಲ್ಲೇ ಕೂತು, ಅಳಿಸಿದ್ದೇ ಸರಿ ಎಂದು ನನ್ನ ಪರವಾಗಿ ವಾದಿಸುತ್ತಿದ್ದರು.

ಆಟ ಬಿಸಿಯೇರಿತ್ತು. ಚಿಕ್ಕಪ್ಪ ಮೈಮರೆತಿದ್ದರು.

"ಸಂಜೆ ಬಸ್ಸು ಬಂದು ಹಾರನ್ ಹೊಡೀತಾ ಇರೋದು. ನಿಮ್ಮಪ್ಪ ಚೀಲ ಹಿಡ್ಕಂಡು ಇಲ್ಲೇ ಬಾಗ್ಲಲ್ಲಿ ನಿಂತಿರೋನು. ಏಳಪ್ಪ, ಬಸ್ಸು ಹೋಯ್ತದೆ ಅಂತ ನಾನು ನಿನ್ನ ಎಬ್ಬಿಸಕ್ಕೆ ಹೋದ್ರೆ, ಬ್ಯಾಡ ಅಂತ ಸನ್ನೆ ಮಾಡೋನು. ಆಟ ಮುಗೀಲಿ ಅಂತ. ಬಸ್ಸು ಹೋಗೇಬಿಡೋದು. ಆಮೇಲೆ ಇನ್ನೊಂದು ಬರೋಗಂಟ ಕಾಯೋನು, ಒಂದ್ಮಾತು ಅಂತಿರಲಿಲ್ಲ."

ಹೇಳಿ ಮುಗಿಸಿದ ಮೇಲೆ ಅವರ ಹೆಬ್ಬೆರಳು ನಿಂತಿತು. ಬಾಗಿಲಲ್ಲಿ ಚೀಲ ಹಿಡಿದು ನಿಂತವನು ಬೆಂಚಿನ ಮೇಲೆ ಕೂತು ಆಡಲಾರ ಎಂಬುದು ನನ್ನಷ್ಟೇ ಅವರಿಗೂ ಹೊಳೆದಿತ್ತು.

"ಸೊಟ್ಟದ್ದು ಬರ್ತಿದೆ ಚಿಕ್ಕಪ್ಪ, ತಿರುಗಿಸಿ" ಎಂದೆ.

ತಿರುಗಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಇರುವುದು ಒಬ್ಬರೇ ಸಾಕ್ಷಿ. ಅವರು ಅದೇ ಬೆಳಿಗ್ಗೆ ನನಗೆ ರಾಜಾರೋಷವಾಗಿ ಸುಳ್ಳು ಹೇಳಿದ್ದಾರೆ. ನನಗೋ ಆ ದೃಶ್ಯದ ಒಂದು ಎಳೆಯೂ ನೆನಪಿಲ್ಲ. ನೆನಪಿರಲು ಸಾಧ್ಯವೂ ಇಲ್ಲ, ನನ್ನ ಬೆನ್ನು ಬಾಗಿಲ ಕಡೆಗಿತ್ತು. ಯಾವ ವಿದ್ಯಾರ್ಥಿಯಾದರೂ ಇಷ್ಟರ ಮೇಲೆ ಒಂದು ಸಾಲು ಬರೆದಿದ್ದರೂ ನಾನು ಹೊಡೆದು ಹಾಕುತ್ತಿದ್ದೆ. ಆದರೂ ನಂಬಿದೆ. ಹೇಳಲೆಂದು ಸಿದ್ಧಮಾಡಿಕೊಂಡ ಕಥೆಯಾಗಿದ್ದರೆ ಆ ಹೆಬ್ಬೆರಳು ನಿಲ್ಲುತ್ತಿರಲಿಲ್ಲ. ಹೊತ್ತು ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ನನ್ನ ಹಿಂದೆ ನಿಂತು, ಕಣ್ಣೆದುರೇ ಬಸ್ಸು ಹೋಗಲು ಬಿಟ್ಟಿದ್ದರು. ನಾನು ಅವರನ್ನು ಪಕ್ಕದಲ್ಲಿ ಹುಡುಕುತ್ತಿದ್ದೆ.

ಮನೆ ಸೇರುವಷ್ಟರಲ್ಲಿ ಅಕ್ಕನ ಫೋನು. ಚಿಕ್ಕಪ್ಪ ಏನಂದರು ಎಂದು ಏನೂ ಅರಿಯದವಳಂತೆ ಕೇಳಿದಳು.

"ಅಪ್ಪಾನೇ ಆಡ್ತಿದ್ದದ್ದು ಅಂದ್ರು" ಎಂದೆ.

"ನೋಡಿದ್ಯಾ? ನಂಗೇ ಮರ್ತು ಹೋಗಿರ್ಬೇಕು ಕಣೋ" ಎಂದಳು. ಅವಳ ದನಿ ಎಷ್ಟು ಹಗುರವಾಗಿತ್ತೆಂದರೆ, ಅವಳನ್ನು ತಿದ್ದುವುದು ನನ್ನಿಂದ ಆಗಲಿಲ್ಲ.

ಡಬ್ಬಿಯನ್ನು ಚಿಕ್ಕಪ್ಪನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಒಬ್ಬನೇ ಆಡಲು ನನಗೆ ಬರುವುದಿಲ್ಲ. ಅವರಿಗೂ ಬರುವುದಿಲ್ಲವಂತೆ, ಎಡಗಡೆಯ ಗುಂಡಿಗಳು ಬಹಳ ತರಲೆ ಎನ್ನುತ್ತಾರೆ. ಹಾಗಾಗಿ ಬಿಡುವಾದ ಭಾನುವಾರಗಳಲ್ಲಿ ಹೋಗುತ್ತೇನೆ. ಯಾರು ಆಡುತ್ತಿದ್ದರು ಎಂಬ ಮಾತು ಮತ್ತೆ ನಮ್ಮ ನಡುವೆ ಬಂದಿಲ್ಲ. ಮೊನ್ನೆ ಹೋದಾಗ, ಆಟ ಜೋರಾಗಿದ್ದ ಹೊತ್ತಿನಲ್ಲಿ, ನಾನು ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದೆ. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಅದರಾಚೆ ಶಾಲೆಯ ಮಕ್ಕಳ ಸಾಲೊಂದು ದೇವಸ್ಥಾನದ ಕಡೆ ಹೊರಟಿತ್ತು. ಅಷ್ಟರಲ್ಲಿ ಒಂದು ತುಂಡು ನನ್ನ ಕೈತಪ್ಪಿ ಅಡ್ಡ ಬಿದ್ದು ಕೂತಿತು.

"ಅಲ್ಲೇನು ನೋಡ್ತೀಯೋ?" ಎಂದರು ಚಿಕ್ಕಪ್ಪ, ಪರದೆಯಿಂದ ಕಣ್ಣು ತೆಗೆಯದೆ. "ಬಸ್ಸಿಗಿನ್ನೂ ಹೊತ್ತೈತೆ. ಆಡು."