ಗೆಳೆಯ ನನ್ನನ್ನು ‘ಸಾ’ ಎಂದಾಗ

“ಸಾ, ಸೋಸಲೆ ಬಸ್ಸು ಓಯ್ತಾ?”

ಹಿಮಾಲಯದ ಶಿಖರಕ್ಕೆ ಇನ್ನೊಂದೇ ಗಂಟೆಯ ದಾರಿಯಿತ್ತು. ಹಿಮದಲ್ಲಿ ಕುಸಿದು ಕೂತ ಗೆಳೆಯ ಮಾದೇವ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇರುವವನಂತೆ ನನ್ನನ್ನು ಕೇಳಿದ. ಚಿಕ್ಕಂದಿನಿಂದ ‘ಲೇ’ ಎನ್ನುತ್ತಿದ್ದವನಿಗೆ ನನ್ನ ಗುರುತೇ ಹತ್ತಿರಲಿಲ್ಲ. ಕೈಗವಸು ಬೇರೆ ಬಿಚ್ಚತೊಡಗಿದ್ದ. ಆಮ್ಲಜನಕ ಸಾಲುತ್ತಿಲ್ಲ, ಈಗಲೇ ಇಳಿಸದಿದ್ದರೆ ಜೀವಕ್ಕೇ ಅಪಾಯ ಎಂದ ಗೈಡ್ ಅವನ ತೋಳು ಹಿಡಿದ.

ಈ ದಿನಕ್ಕಾಗಿ ನಾವಿಬ್ಬರೂ ವರ್ಷವಿಡೀ ಮರಳುಚೀಲ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೆವು. ಅವರಿಬ್ಬರೂ ಇಳಿಯಲಿ, ನಾನೊಬ್ಬನೇ ಹತ್ತಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಇನ್ನೊಂದು ತೋಳು ಹಿಡಿದು, “ಬಾ, ಬಸ್ಸು ಕೆಳಗಡೆ ನಿಂತದೆ” ಎಂದೆ.

ಸಂಜೆ ಕೆಳಗಿನ ಟೆಂಟಿನಲ್ಲಿ ಕಣ್ಣು ಬಿಟ್ಟವನು, “ಲೇ, ಒಸಿ ನೀರ್ ಕೊಡ್ಲಾ” ಎಂದ. ಅತ್ತುಬಿಟ್ಟೆ.

ಶಿಖರ ಮುಟ್ಟದ ಬೇಸರ ಎಂದೋ ಹೋಯಿತು. ಆ ಒಂದು ಕ್ಷಣದ ವಿಷಯ ಮಾತ್ರ ಮಾದೇವನಿಗೆ ಇನ್ನೂ ಹೇಳಲಾಗಿಲ್ಲ.