ಕರೆಯೋಲೆಯಿಲ್ಲದ ಸುಗ್ಗಿಯೂಟ

ಪಕ್ಕದ ಮನೆಯ ಆಂಟಿಯ ಎಡಗಿವಿಯ ತುದಿ ಇರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಿಂದ ನಡೆದು ಬರುವಾಗ ಹಿಮಕ್ಕೆ ಮರಗಟ್ಟಿ ಉದುರಿಹೋದದ್ದಂತೆ. ಬಹರೈನಿನ ಅವಾಲಿ ಎಂಬ ಊರಿನ ಜುಲೈ ಬಿಸಿಲಿನಲ್ಲಿ ಬೆವರಿಳಿಸುತ್ತ ನಿಂತು, ಆ ಮೊಂಡು ಕಿವಿಯನ್ನು ಸವರಿಕೊಂಡು ಅವರು ಚಳಿಯ ಕತೆ ಹೇಳತೊಡಗಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ. ಮದುವೆಯಾಗಿ ಉಡುಪಿಯ ಕಡೆಯಿಂದ ಬಹರೈನಿಗೆ ಬಂದ ಹೊಸತು. ಯಜಮಾನರು ಎಣ್ಣೆ ಕಂಪನಿಯ ಆಫೀಸಿಗೆ ಹೋದರೆಂದರೆ ಮನೆಯಲ್ಲಿ ನಾನು, ಗುರುಗುಟ್ಟುವ ಏಸಿ, ಅಷ್ಟೇ. ಮಾತಾಡಲು ನರಪಿಳ್ಳೆ ಇಲ್ಲ. ಪಕ್ಕದ ಮನೆಯವರು ಕೆನಡಾದ ಹೆಂಗಸು, ಅರವತ್ತರ ಹತ್ತಿರ. ಅವರ ಗಂಡ ಎಂಜಿನಿಯರ್, ಸದಾ ಎಣ್ಣೆಬಾವಿಗಳ ಬಳಿಯೇ. ನಾನು ಆಂಟಿ ಎಂದರೆ, “ನಿನ್ನ ಅಮ್ಮನಿಗೆ ನಾನು ಯಾವಾಗ ತಂಗಿಯಾದೆ?” ಎಂದು ಇಂಗ್ಲಿಷಿನಲ್ಲಿ ಕೀಟಲೆ ಮಾಡುತ್ತಿದ್ದರು.

ಸಂಜೆ ಹಿತ್ತಲ ಬೇಲಿಗೆ ಒರಗಿ ಮರಳು ನೋಡುತ್ತ ನಿಲ್ಲುವುದು ಅವರ ಅಭ್ಯಾಸ. ಅವರ ಊರೂ ಹೀಗೇ ಬಟಾಬಯಲಂತೆ. ಆದರೆ ಹುಲ್ಲು, ಗೋಧಿ. ಮೂವತ್ತೋ ಏನೋ ಮನೆಗಳು, ರೈಲುಹಳಿಯ ಪಕ್ಕ ಮರದ ಎತ್ತರದ ಕಣಜ, ಊರವರೇ ಸೇರಿ ಕಟ್ಟಿದ ಒಂದು ಹಾಲ್. “ಆಕಾಶ ಇಲ್ಲೂ ಅಷ್ಟೇ ಇದೆ. ಜನ ಮಾತ್ರ ಬಾಗಿಲು ಹಾಕಿಕೊಂಡು ಕೂರ್ತಾರೆ,” ಎನ್ನುತ್ತಿದ್ದರು.

ಅಕ್ಟೋಬರಿನ ಒಂದು ಶುಕ್ರವಾರ ಅವರ ಅಂಗಳದಲ್ಲಿ ಉದ್ದನೆಯ ಮೇಜು, ಸಾಲು ತಟ್ಟೆ, ದೀಪದ ಸರ. ಓಣಿಗೆಲ್ಲ ಕೋಳಿ ಬೇಯುವ ಪರಿಮಳ. ದೊಡ್ಡ ದೊಡ್ಡವರನ್ನೆಲ್ಲ ಕರೆದಿರಬೇಕು ಎಂದು ನನಗೆ ಹೊಟ್ಟೆಯುರಿ. ಸಹಾಯಕ್ಕಾದರೂ ಹೋಗಲೇ ಎಂದರೆ ಯಜಮಾನರು, “ಎಂಥ ಮಾರಾಯ್ತಿ, ಕರೀದೆ ಹೋಗ್ಲಿಕ್ಕೆ ನಮಗೇನು ಮರ್ಯಾದೆ ಇಲ್ವಾ?” ಎಂದರು. ಸರಿಯೇ. ನಮ್ಮಲ್ಲಿ ಮನೆಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯದಿದ್ದರೆ ಸ್ವಂತ ಅಣ್ಣನೂ ಮದುವೆಗೆ ಕಾಲಿಡುವುದಿಲ್ಲ.

ಪರದೆಯ ಸಂದಿಯಲ್ಲಿ ನೋಡುತ್ತ ಕೂತೆ. ಒಬ್ಬರೂ ಬರಲಿಲ್ಲ. ಆಂಟಿ ಗೇಟಿನ ತನಕ ಹೋಗುವುದು, ಓಣಿ ನೋಡುವುದು, ವಾಪಸು ಬರುವುದು. ಕೊನೆಗೆ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಾಗ ನನಗೆ ತಡೆಯಲಾಗಲಿಲ್ಲ, ಓಡಿದೆ.

“ಎಲ್ಲರಿಗೂ ಏನಾಯ್ತು? ನೀವಿಬ್ಬರೂ ಬರಲಿಲ್ಲವಲ್ಲ!” ತಟ್ಟೆ ಹಿಡಿದೇ ಕೇಳಿದರು ಆಂಟಿ.

“ಅಯ್ಯೋ ಆಂಟಿ, ನೀವು ಯಾರನ್ನೂ ಕರೀಲೇ ಇಲ್ಲವಲ್ಲ!”

“ಕರೆಯೋದಾ?” ಅವರು ನನ್ನನ್ನೇ ನೋಡಿದರು. “ಸುಗ್ಗಿ ಊಟಕ್ಕೆ ನಮ್ಮೂರಲ್ಲಿ ಯಾರೂ ಕರೆಯೋದಿಲ್ಲ. ದೀಪ ಹಚ್ಚಿದರೆ ಬರ್ತಾರೆ. ನಮ್ಮವರನ್ನೇ ಕರೆದರೆ ಅವಮಾನ ಮಾಡಿದ ಹಾಗೆ. ಕರೆಯೋದು ಹೊರಗಿನವರನ್ನ.”

ಯಜಮಾನರನ್ನೂ ಎಳೆತಂದೆ. ಉಪ್ಪು ಖಾರ ಸೋಕದ ಆ ಕೋಳಿಯನ್ನು ಮನೆಯ ಮಾವಿನ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆವು. ಮರುದಿನದಿಂದ ನಾನು ಅವರ ಹಿಂಬಾಗಿಲು ತಟ್ಟಿದ್ದೇ ಇಲ್ಲ; ನೇರ ಅಡುಗೆಮನೆಗೆ.

ಮೂರು ವರ್ಷ ಕಳೆದು ಅವರ ಗಂಡ ನಿವೃತ್ತರಾದರು. ಊರಲ್ಲಿ ಈಗ ರೈಲು ನಿಲ್ಲುವುದಿಲ್ಲ, ಅರ್ಧ ಮನೆಗಳಿಗೆ ಬೀಗ ಬಿದ್ದಿದೆ ಎಂದು ತಿಳಿದೂ ಹೊರಟರು. ಕಾರಿನ ಬಳಿ ನಿಂತ ಒಬ್ಬೊಬ್ಬರಿಗೂ, “ನಮ್ಮೂರಿಗೆ ಖಂಡಿತ ಬನ್ನಿ,” ಎಂದರು. ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದು, ಬಿಟ್ಟು, ಏನೂ ಹೇಳದೆ ಕಾರು ಹತ್ತಿದರು.

ಮನೆಗೆ ಬಂದು ಸಿಟ್ಟಿನಲ್ಲಿ ಪಾತ್ರೆ ತಿಕ್ಕುತ್ತ ಅತ್ತುಬಿಟ್ಟೆ. “ನೋಡಿ, ಬಾಯಿಮಾತಿಗಾದರೂ ನನ್ನನ್ನ ಕರೀಲಿಲ್ಲ,” ಎಂದೆ. ಎಂದವಳೇ ಆ ಸುಗ್ಗಿಯೂಟದ ರಾತ್ರಿಯ ಮಾತು ನೆನಪಾಗಿ ನಲ್ಲಿ ನಿಲ್ಲಿಸಿದೆ. ಆಮೇಲೆ ಅತ್ತದ್ದು ಬೇರೆ ಅಳು.

ಎರಡು ಚಳಿಗಾಲ ಕಳೆದ ಮೇಲೆ ಅವರ ಗಂಡನ ಫೋನು ಬಂತು. ಆಂಟಿ ಹೋಗಿಬಿಟ್ಟಿದ್ದರು. “ಶನಿವಾರ ಮಧ್ಯಾಹ್ನ, ಊರಿನ ಹಾಲ್‌ನಲ್ಲಿ ಪ್ರಾರ್ಥನೆ, ಊಟ,” ಎಂದರು ಅವರು. ಬಾ ಎನ್ನಲಿಲ್ಲ. ನಾನು ಹೂಂ ಎಂದೆ.

ಹೋಗಲಾಗಲಿಲ್ಲ. ಆ ಊರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಆದರೆ ಆ ಶನಿವಾರ ಅಲ್ಲಿ ನನ್ನ ಪಾಲಿಗೂ ಒಂದು ತಟ್ಟೆ ಇಟ್ಟಿದ್ದರು. ಅದನ್ನು ನನಗೆ ಯಾರೂ ಹೇಳಬೇಕಾಗಿಲ್ಲ.